ಎಡಕ್ಕೆ ಸುತ್ತಿದ ಗಂಟು

ರೆಕ್ಕೆ ಹೊಲಿಯುವ ಕೊಠಡಿ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ನಾನು ರೆಕ್ಕೆ ಹೊಲಿದ ಜಾಗದಲ್ಲಿ ಈಗಲೂ ಕೀವು ಸೋರುತ್ತದೆಯೇ? ಬೆನ್ನಿಗೆ ದಿನಾ ಎಣ್ಣೆ ಹಚ್ಚಿಕೋ. ಕೈಗೆ ಎಟುಕದಿದ್ದರೆ ಪಕ್ಕದ ಮಂಚದವನಿಗೆ ಹೇಳು, ದೇವದೂತನಾದ ಮೇಲೆ ನಾಚಿಕೆ ಏಕೆ. ಅಮ್ಮ ಚೆನ್ನಾಗಿದ್ದಾಳೆ. ಮಗ ಮೇಲೆ ಹೋಗಿದ್ದಾನೆ ಎಂದು ಬೀದಿಯಲ್ಲಿ ಕಂಡವರಿಗೆಲ್ಲ ಹೇಳುತ್ತಾಳೆ. ಕೇಳಿದವರು ತಪ್ಪು ತಿಳಿದು ಮುಖ ಸಣ್ಣ ಮಾಡುತ್ತಾರೆ.

ಇಲ್ಲಿಯ ಸುದ್ದಿಯನ್ನು ನಾತದಿಂದಲೇ ಶುರು ಮಾಡಬೇಕು. ಯುದ್ಧ ಈಗ ನಮ್ಮ ನೆತ್ತಿಯ ಮೇಲೆಯೇ ನಡೆಯುತ್ತಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ರಕ್ತ ಮೆತ್ತಿದ ಪುಕ್ಕ, ಮೇಲಿನಿಂದ ಉಗಿದ ಕಫ, ಒಮ್ಮೆ ಅರ್ಧ ಕಿವಿ. ದೇವದೂತರದ್ದೋ ರಾಕ್ಷಸರದ್ದೋ, ಗುಡಿಸುವಾಗ ಗೊತ್ತಾಗುವುದಿಲ್ಲ. ರೆಕ್ಕೆಗೆಂದು ಹಸಿ ಚರ್ಮ ನೆನೆಹಾಕಿದ ತೊಟ್ಟಿಯಲ್ಲಿ ಕೈ ಅದ್ದಿ ಅದ್ದಿ ನನ್ನ ಉಗುರಿನ ಸಂದಿಯ ವಾಸನೆ ಯಾವ ಸೋಪಿಗೂ ಬಗ್ಗುವುದಿಲ್ಲ. ತುತ್ತು ಬಾಯಿಗಿಡುವಾಗ ಉಸಿರು ಬಿಗಿಹಿಡಿಯುತ್ತೇನೆ.

ಮೊನ್ನೆ ಭಾನುವಾರ ಬೆಳಿಗ್ಗೆ ಒಬ್ಬ ರಾಕ್ಷಸ ಚಾವಣಿಯ ತಗಡು ಹರಿದುಕೊಂಡು ನನ್ನ ಮೇಜಿನ ಮೇಲೇ ಬಿದ್ದ. ಎದ್ದು ಕಿಟಕಿಗೆ ಹಾರುವಷ್ಟರಲ್ಲಿ ಹಿಂದೆಯೇ ನಿಮ್ಮ ದಳಪತಿ ಇಳಿದ, ಕೈಯಲ್ಲಿ ಉರಿಯುವ ಈಟಿ. ಮೊದಲ ಏಟಿಗೆ ತೊಟ್ಟಿ ಒಡೆಯಿತು, ಎರಡನೆಯದಕ್ಕೆ ಪುಕ್ಕದ ಮೂಟೆ ಹೊತ್ತಿಕೊಂಡಿತು. ರಾಕ್ಷಸ ಮೇಜನ್ನೇ ಎತ್ತಿ ಅವನ ಎದೆಗೆ ಒಗೆದ. ಇಬ್ಬರೂ ತೊಟ್ಟಿಯ ಲೋಳೆಯಲ್ಲಿ ಜಾರಿ, ಕಚ್ಚಾಡುತ್ತ, ಬೀದಿನಾಯಿಗಳ ಹಾಗೆ ಹೊರಳಾಡಿದರು. ಕೊನೆಗೆ ಈಟಿ ರಾಕ್ಷಸನ ಹೊಟ್ಟೆಗಿಳಿಯಿತು. ದಳಪತಿ ನಾನು ಆಗಷ್ಟೇ ಮುಗಿಸಿಟ್ಟ ರೆಕ್ಕೆಗೆ ಮೂಗು ಒರೆಸಿಕೊಂಡು, "ಏನಕ್ಕಾ, ಹೆದರಿಬಿಟ್ಯಾ? ಇವರೆಲ್ಲ ಹುಟ್ಟು ರಾಕ್ಷಸರು, ಬೀಜಾನೇ ಬೇರೆ. ಗುಡಿಸಿ ಬಿಸಾಕು," ಎಂದು ನಕ್ಕು, ಬಂದ ತೂತಿನಿಂದಲೇ ಹಾರಿಹೋದ.

ಬೆಂಕಿ ಆರಿಸಿ ಗುಡಿಸಲು ಬಗ್ಗಿದೆ. ಬಿದ್ದವನಿಗೆ ಇನ್ನೂ ಜೀವವಿತ್ತು. ಮಸಿ ಮೆತ್ತಿದ ಬರಿ ಚರ್ಮದ ರೆಕ್ಕೆ, ಪುಕ್ಕ ಕಿತ್ತ ಕೋಳಿಯ ಹಾಗೆ ತೂತು ತೂತು. ಒದ್ದೆ ಬಟ್ಟೆಯಿಂದ ರೆಕ್ಕೆಯ ಬುಡ ಒರೆಸಿದೆ. ಎರಡು ಹೊಲಿಗೆ ಹಿಂದಕ್ಕೆ, ಆಮೇಲೆ ಎಡಕ್ಕೆ ಸುತ್ತಿದ ಗಂಟು. ಈ ಕೊಠಡಿಯ ಎಂಟು ಜನರಲ್ಲಿ ಎಡಚಿ ನಾನೊಬ್ಬಳೇ. "ನಿನ್ನ ಗಂಟು ಯಮ ಬಂದ್ರೂ ಬಿಚ್ಚಲ್ಲ ಕಣೇ," ಎಂದು ಅಮ್ಮ ಬೈಯುತ್ತಿದ್ದಳಲ್ಲ, ಅದೇ ಗಂಟು. ಅವನು ಕಣ್ಣು ತೆರೆದು, "ಹೋದ್ವರ್ಷ ನೀನೇ ಹೊಲಿದಿದ್ದು ಅಕ್ಕಾ. ಸ್ವಲ್ಪ ನೋಯುತ್ತೆ, ಹಲ್ಲು ಕಚ್ಕೋ ಅಂದಿದ್ದೆ," ಎಂದ. ನಾನು ಎಲ್ಲರಿಗೂ ಹೇಳುವ ಮಾತು ಅದು. ನಿನಗೂ ಹೇಳಿದ್ದೆ.

ನೀರು ಕೊಟ್ಟೆ. ಗುಟುಕಿಗೊಂದು ಮಾತಿನಂತೆ ಹೇಳಿದ. ರೆಕ್ಕೆ ಹೊಲಿದು ಆರೇಳು ತಿಂಗಳಾಗುವಾಗ ಕೆಲವರಿಗೆ ಪುಕ್ಕ ಉದುರತೊಡಗುತ್ತದಂತೆ. ಪಾಪಕ್ಕಲ್ಲ, ಪುಣ್ಯಕ್ಕಲ್ಲ, ಸುಮ್ಮನೆ. ಅಂಥವರಿಗೆ ಜೊತೆಯವರೇ ಮಸಿ ಬಳಿದು ಹೊರಗಟ್ಟುತ್ತಾರೆ, ಮಾರನೆಯ ದಿನ ರಾಕ್ಷಸರೆಂದು ಬೇಟೆಯಾಡುತ್ತಾರೆ. ಅವನು ಮಧ್ಯಾಹ್ನಕ್ಕೆ ಸತ್ತ. ನನಗೆ ದುಃಖ ಬರಲಿಲ್ಲ, ವಾಂತಿ ಬಂತು. ಬಾಯಿ ತೊಳೆದು ಮತ್ತೆ ಮೇಜಿಗೆ ಕೂತು ಇನ್ನೂ ಮೂರು ಬೆನ್ನು ಹೊಲಿದೆ. ಹಲ್ಲು ಕಚ್ಕೋ ಎಂದೂ ಹೇಳಿದೆ. ಎಲ್ಲದಕ್ಕಿಂತ ಹೇಸಿಗೆ ಅದೇ.

ಅಮ್ಮನ ಆಶೀರ್ವಾದಗಳು. ಪಕ್ಕದ ಮಂಚದವನಿಗೆ ನಾನು ಕೇಳಿದೆನೆಂದು ಹೇಳು. ಬೇಡ, ಅವನಿಗೆ ಏನೂ ಹೇಳಬೇಡ. ಓದಿ ಸುಟ್ಟುಬಿಡು.

ನಿನ್ನ
ಅಕ್ಕ

ಇದೊಂದು ಕೇಳಬೇಕು. ಹೋದ ಪತ್ರದಲ್ಲಿ ಅಮ್ಮನಿಗೆಂದು ಒಂದು ಬಿಳಿ ಪುಕ್ಕ ಇಟ್ಟಿದ್ದೆಯಲ್ಲ, ಅದನ್ನು ಅವಳು ಕನ್ನಡಿಗೆ ಸಿಕ್ಕಿಸಿದ್ದಾಳೆ. ಅದು ನೀನು ಕಿತ್ತಿದ್ದೋ, ತಾನಾಗಿ ಉದುರಿದ್ದೋ? ನಿನಗೆ ಈ ವಾರ ಆರು ತಿಂಗಳು ತುಂಬುತ್ತದೆ. ಉದುರಿದ್ದಾದರೆ ಉತ್ತರ ಬರೆಯುತ್ತ ಕೂರಬೇಡ. ಹಾರಬೇಡ, ನಡೆದೇ ಬಾ. ಕತ್ತರಿ ಸಾಣೆ ಹಿಡಿಸಿಟ್ಟಿದ್ದೇನೆ.