ಹುಣಸೆಹಣ್ಣಿನಲ್ಲಿ ಬೆಳಗಿದ ಮೆಡಲ್

ಸರಸ್ವತಿಪುರಂ, ಮೈಸೂರು
17 ಡಿಸೆಂಬರ್ 2025, ಬುಧವಾರ

ಪ್ರೀತಿಯ ನಮ್ಮ ಮನೆಯವರಿಗೆ,

ಮೊದಲು ಈ ಪತ್ರ ಓದಿ ಮುಗಿಸಿ, ಆಮೇಲೆ ಕೆಳಗಿರುವ ಪೆಟ್ಟಿಗೆ ತೆಗೆಯಿರಿ. ನಿಮಗೆ ಅಷ್ಟು ತಾಳ್ಮೆ ಇಲ್ಲ ಅಂತ ಗೊತ್ತಿದ್ದೇ ಪೆಟ್ಟಿಗೆಗೆ ಮೂರು ಸುತ್ತು ಟೇಪು ಹಾಕಿದ್ದೇನೆ. ಬೇರೆಯವರ ಮನೆಯಲ್ಲಿ ಕತ್ತರಿ ಹುಡುಕುವಷ್ಟರಲ್ಲಿ ಎರಡು ಪುಟವಾದರೂ ಓದಿರುತ್ತೀರಿ.

ಆರೋಗ್ಯ ಹೇಗಿದೆ? ಪುಣೆಯಲ್ಲಿ ಬೆಳಗಿನ ಚಳಿ ಜೋರಂತೆ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲ ಬಾಟಲಿ ಬ್ಯಾಗಿನಲ್ಲೇ ಬೆಚ್ಚಗೆ ಮಲಗಿದೆಯಾ? ಬಿಪಿ ಮಾತ್ರೆ ತಿಂಡಿಗೆ ಮುಂಚೆ, ಆಮೇಲಲ್ಲ. ನಿಮ್ಮ ಗೆಳೆಯ ಮೃತ್ಯುಂಜಯ ಅವರಿಗೆ ನೀವು ಹೇಳಿದ್ದಕ್ಕೆಲ್ಲ ಹೂಂಗುಟ್ಟುವ ಅಭ್ಯಾಸ, ಹಾಗಾಗಿ ರಾತ್ರಿ ಹನ್ನೊಂದರವರೆಗೆ ಅವರನ್ನು ಕೂರಿಸಿಕೊಂಡು ಫ್ರಾನ್ಸಿನ ಪದಕಕ್ಕೆ ಎಷ್ಟು ಮೂಲೆ ಅಂತ ಪಾಠ ಮಾಡಬೇಡಿ. ಅವರ ಮಡದಿ ಸೌಮ್ಯ ಏನೂ ಅನ್ನುವುದಿಲ್ಲ, ಆದರೂ ಅವರೂ ಮನುಷ್ಯರೇ. ನಾನು ಚೆನ್ನಾಗಿದ್ದೇನೆ. ಹಿತ್ತಲ ಕರಿಬೇವು ಚಿಗುರಿದೆ. ನೀವಿಲ್ಲದೆ ಮನೆ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ ನನಗೇ ಬೇಜಾರಾಗುತ್ತಿದೆ.

ಈಗ ವಿಷಯ. ನೀವು ಕೇಳಿದ ಹಾಗೆ ನಿಮ್ಮ ಮೆಡಲ್ ಸಂಗ್ರಹದ ಭಾರತದ ಪೆಟ್ಟಿಗೆ ಕಳಿಸಿದ್ದೇನೆ, ಭಾನುವಾರದ ಪ್ರದರ್ಶನಕ್ಕೆ ಸಮಯಕ್ಕೆ ಸರಿಯಾಗಿ ತಲುಪುತ್ತದೆ. ಆದರೆ ಮಖಮಲ್ಲಿನಲ್ಲಿ ಮೆಡಲ್ ಕೂರಿಸುವ ಒಂದು ಗುಂಡಿ ಖಾಲಿ ಇದೆ. ಕೊರಿಯರ್ ಹುಡುಗನನ್ನು ಬೈಯಬೇಡಿ. ತೆಗೆದಿದ್ದು ನಾನು.

ಯಾವುದು ಅಂತ ನಿಮಗೆ ಆಗಲೇ ಹೊಳೆದಿರುತ್ತದೆ. ಎಪ್ಪತ್ತೊಂದರ ಯುದ್ಧದ ಸಂಗ್ರಾಮ್ ಮೆಡಲ್. ಅದೇನೂ ಅಪರೂಪದ್ದಲ್ಲ, ಆಗ ಸೇನೆಯಲ್ಲಿದ್ದ ಎಷ್ಟೋ ಜನರಿಗೆ ಕೊಟ್ಟಿದ್ದಾರೆ ಅಂತ ನೀವೇ ಹೇಳಿದ್ದಿರಿ. ಆದರೆ ಮೆಡಲ್ ಮಾರುವ ವ್ಯಾಪಾರಿಗಳ ಹತ್ತಿರ ಕೊಳ್ಳುವುದಿಲ್ಲ, ತಾನಾಗಿ ಸಿಗಬೇಕು ಅನ್ನುವ ನಿಮ್ಮ ಹಟದಿಂದ ಆ ಒಂದು ಗುಂಡಿ ಹನ್ನೊಂದು ವರ್ಷ ಬಾಯಿ ಬಿಟ್ಟುಕೊಂಡಿತ್ತು. ಸೆಪ್ಟೆಂಬರಿನಲ್ಲಿ ಮಂಡಿ ಮೊಹಲ್ಲಾದ ಗುಜರಿ ಅಂಗಡಿಯಲ್ಲಿ ಹಳೇ ಬೀಗದ ಕೈಗಳ ನಡುವೆ ಸಿಕ್ಕಿತು ಅಂತ ಕುಣಿದಾಡಿಕೊಂಡು ತಂದಿರಲ್ಲ, ಅವತ್ತಿನ ನಿಮ್ಮ ಮುಖ ನನಗೆ ನೆನಪಿದೆ. ರಿಬ್ಬನ್ ಇಲ್ಲ, ಮೈಯೆಲ್ಲ ಮಸಿ, ಅಂಚಿನಲ್ಲಿ ಅಂಟಿನಂಥ ಕೊಳೆ. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು "ಪಾಪ, ಯಾರ ಮನೆಯದೋ" ಅಂದಿರಿ. ಆಮೇಲೆ "ಮುಟ್ಟಬೇಡ, ಮೃತ್ಯುಂಜಯ ನೋಡಲಿ" ಅಂದಿರಿ.

ನಾನು ಮುಟ್ಟಿದೆ. ಆಯುಧಪೂಜೆಗೆ ನೀವು ಪೆಟ್ಟಿಗೆಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿದ್ದಿರಿ. ದೀಪ, ತಂಬಿಗೆ, ಗಂಟೆ ಎಲ್ಲ ಫಳಫಳ ಅನ್ನುವಾಗ ಇದೊಂದು ಕರಿಕಟ್ಟಿ ಕೂತರೆ ನನ್ನ ಕೈ ಸುಮ್ಮನಿರುತ್ತದೆಯೇ? ಹುಣಸೆಹಣ್ಣು, ಉಪ್ಪು ಹಾಕಿ ತೆಂಗಿನ ನಾರಿನಲ್ಲಿ ಬೆಳಗಿಬಿಟ್ಟೆ. ನೀವು ಮನೆ ಮೇಲೆ ಕೆಳಗೆ ಮಾಡಿದಿರಿ. ಹಳೆಯ ಮೆಡಲ್ ಉಜ್ಜುವುದೂ ಒಂದೇ, ಹಳೆಯ ಪತ್ರ ಒಗೆಯುವುದೂ ಒಂದೇ ಅಂತ ಕೂಗಾಡಿ ಎರಡು ದಿನ ಮಾತು ಬಿಟ್ಟಿರಿ. ಪುಣೆಗೆ ಹೊರಟಾಗಲೂ ಪರದೇಶದ ಪೆಟ್ಟಿಗೆಗಳನ್ನೆಲ್ಲ ಒಯ್ದು ಭಾರತದ್ದೊಂದನ್ನು ಇಲ್ಲೇ ಬಿಟ್ಟಿರಿ. "ಇನ್ನು ಇದು ತೋರಿಸೋಕೆ ಲಾಯಕ್ಕಲ್ಲ, ನಾಗಮಣಿ" ಅಂದಿರಿ. ಹೆಸರು ಹಿಡಿದು ಕರೆದಿರಿ ಅಂದರೆ ಸಿಟ್ಟು ಎಷ್ಟಿತ್ತು ಅಂತ ನನಗೆ ಗೊತ್ತಿಲ್ಲವೇ.

ಆ ಸಿಟ್ಟಿನಲ್ಲಿ ನೀವು ಮೆಡಲನ್ನು ಮತ್ತೆ ತಿರುಗಿಸಿ ನೋಡಲಿಲ್ಲ. ನೋಡಿದ್ದರೆ ಹುಣಸೆಹಣ್ಣು ಏನು ಮಾಡಿತ್ತು ಅಂತ ನಿಮಗೂ ತಿಳಿಯುತ್ತಿತ್ತು. ಅಂಚಿನ ಕೊಳೆ ಬಿಟ್ಟು ಅಕ್ಷರ ಎದ್ದಿದ್ದವು. ಒಂದು ನಂಬರು, ಸಿಪಾಯಿ ಅಂತ, ಆಮೇಲೆ ಇಂಗ್ಲಿಷಿನಲ್ಲಿ ಮರಿಯಯ್ಯ. ನೀವು ಮಾತು ಬಿಟ್ಟಿದ್ದ ಆ ಎರಡು ದಿನ ನಾನೂ ಬಿಗುಮಾನದಿಂದ ಹೇಳಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಂಡೆ. ಆಮೇಲೆ ಹೇಳೋಣ ಅಂದರೆ ಆ ಮೆಡಲಿನ ಮಾತೆತ್ತಿದರೇ ನಿಮ್ಮ ಮೂಗಿನ ಹೊಳ್ಳೆ ಅರಳುತ್ತಿತ್ತು.

ಡಿಸೆಂಬರ್ ಮೊದಲ ವಾರ ನಿಮ್ಮನ್ನು ರೈಲು ಹತ್ತಿಸಿ ಬಂದವಳು ನೇರ ಹಿಂದಿನ ಬೀದಿಯ ಪುಟ್ಟಣ್ಣನವರ ಮನೆಗೆ ಹೋದೆ. ಅದೇ, ಹವಾಲ್ದಾರ್ ಆಗಿ ರಿಟೈರ್ ಆದವರು, ಮಾಜಿ ಸೈನಿಕರ ಸಂಘದ ಕೆಲಸ ನೋಡುವವರು. ನಂಬರು ನೋಡಿ ಎದ್ದು ನಿಂತರು ಕಣ್ರೀ. ಎರಡೇ ದಿನದಲ್ಲಿ ವಿಚಾರಿಸಿಕೊಂಡು ಬಂದರು. ಆ ಮರಿಯಯ್ಯ ಯುದ್ಧದಿಂದ ವಾಪಸ್ ಬರಲಿಲ್ಲವಂತೆ. ಹೆಂಡತಿ ಚಾಮುಂಡಮ್ಮ ಇದ್ದಾರೆ, ಎಪ್ಪತ್ತೈದು ದಾಟಿದೆ, ರಾಮಕೃಷ್ಣನಗರದಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. "ಪ್ರತಿ ವರ್ಷ ಹದಿನಾರನೇ ತಾರೀಕು ವಿಜಯ ದಿವಸಕ್ಕೆ ಬತ್ತಾರೆ ಕಣಮ್ಮ. ಮಿಕ್ಕ ಹೆಣ್ಮಕ್ಕಳೆಲ್ಲ ಗಂಡನ ಮೆಡಲ್ ಹಾಕ್ಕೊಂಡಿರ್ತಾರೆ. ಇವ್ರು ಮಾತ್ರ ಬರೀ ಸೆರಗು. ಕೇಳಿದ್ರೆ ಬ್ಯಾಂಕ್ ಲಾಕರ್‌ನಲ್ಲೈತೆ ಅಂತಾರೆ" ಅಂದರು.

ಲಾಕರಿನಲ್ಲಿ ಇರುವುದು ನಮ್ಮ ಪೆಟ್ಟಿಗೆಗೆ ಹೇಗೆ ಬಂತು ಅಂತ ಆಟೋ ಹಿಡಿದು ಹೋದೆ. ಸೊಸೆ ಕಾಫಿ ಕೊಟ್ಟಳು. ನಾನು ಕರವಸ್ತ್ರ ಬಿಚ್ಚಿ ಮೆಡಲ್ ತೋರಿಸಿದೆ. ಚಾಮುಂಡಮ್ಮ ಒಂದು ಸಲ ನೋಡಿದವರು ಮುಖ ತಿರುಗಿಸಿ "ನಮ್ದಲ್ಲ ಬುಡವ್ವ, ಬ್ಯಾರೆ ಯಾರೋ ಮರಿಯಯ್ಯಂದು" ಅಂದುಬಿಟ್ಟರು. ಪೆಚ್ಚಾಗಿ ಹೊರಟೆ. ಗೇಟಿನ ಹತ್ತಿರ ಹಿಂದಿನಿಂದ ಯಾರೋ ಸೆರಗು ಹಿಡಿದ ಹಾಗಾಯಿತು. ಅವರೇ. ಸೊಸೆ ಒಳಗಿದ್ದಾಳಾ ಅಂತ ತಿರುಗಿ ನೋಡಿಕೊಂಡು "ಅಂಚಲ್ಲಿ ಏನು ಬರ್ದವ್ರೆ ಓದವ್ವ" ಅಂದರು. ಓದಿದೆ. "ಇನ್ನೊಂದ್ಸಲ" ಅಂದರು. ಮತ್ತೆ ಓದಿದೆ. ಹೆಬ್ಬೆರಳಿನಿಂದ ಆ ಅಂಚನ್ನು ಸವರುತ್ತಾ ನಿಂತರು, ನನಗೆ ಅಲ್ಲೇ ಅಳು ಬಂತು.

ಆಮೇಲೆ ಹೇಳಿದರು. ಗಂಡ ಹೋದ ಮೇಲೆ ಟ್ರಂಕಿನಲ್ಲಿ ಅವರ ಉಣ್ಣೆಯ ಕೋಟು ಮನೆಗೆ ಬಂತಂತೆ. ಕೆಲವು ವರ್ಷ ಕಳೆದು ಟಪಾಲಿನಲ್ಲಿ ಈ ಮೆಡಲ್ ಬಂತು, ಅದನ್ನು ಆ ಕೋಟಿಗೇ ಚುಚ್ಚಿ ಗೋಡೆಗೆ ನೇತುಹಾಕಿದ್ದರು. "ನಮ್ಮತ್ತೆ ದಿನಾ ಆ ಕೋಟಿನ್ ಮುಂದೆ ಮುದ್ದೆ ಇಟ್ಕಂಡು ಕೂತ್ಕಳೋರು. ನನ್ ಮಗ ಉಣ್ಣೋಗಂಟ ನಾ ಉಣ್ಣಕ್ಕಿಲ್ಲ ಅನ್ನೋರು. ಕಡ್ಡಿ ಆಗೋದ್ರು. ಸತ್ತೋಯ್ತಾರೆ ಅಂತ ನಂಗೆ ದಿಗಿಲಾಯ್ತು. ಹಳೇ ಬಟ್ಟೆಗೆ ಪಾತ್ರೆ ಕೊಡೋಳು ಬಂದ್ಲು, ಕೋಟು ಕೊಟ್ಬುಟ್ಟೆ. ಮೆಡಲ್ಲು ಬಿಚ್ಕಳಕ್ಕೆ ಕೈ ಬರ್ನಿಲ್ಲ ಕಣವ್ವ, ಅದೂ ಹೋಯ್ತು." ಅದಕ್ಕೆ ಬದಲಾಗಿ ಬಂದಿದ್ದು ಒಂದು ಸ್ಟೀಲ್ ತಟ್ಟೆ. ಅವತ್ತೇ ಪಾತ್ರೆ ಅಂಗಡಿಗೆ ಹೋಗಿ ತಟ್ಟೆಗೆ ಗಂಡನ ಹೆಸರು ಹಾಕಿಸಿ, ಅದರಲ್ಲಿ ಮುದ್ದೆ ಬಡಿಸಿ, "ನಿಮ್ ಮಗನೇ ಕಳ್ಸವ್ನೆ, ಉಣ್ಣಿ" ಅಂತ ಅತ್ತೆಯ ಮುಂದೆ ಇಟ್ಟರಂತೆ. ಆ ಮುದುಕಿ ಉಂಡರಂತೆ. ಆಮೇಲೆ ಹದಿನಾಲ್ಕು ವರ್ಷ ಆ ತಟ್ಟೆಯಲ್ಲೇ ಉಂಡರಂತೆ. ಆದರೂ ಚಾಮುಂಡಮ್ಮನಿಗೆ ಗಂಡನ ಮೆಡಲನ್ನು ಪಾತ್ರೆಯವಳಿಗೆ ಕೊಟ್ಟವಳು ಅನ್ನುವ ನಾಚಿಕೆ ಇವತ್ತಿಗೂ ಹೋಗಿಲ್ಲ. ಮಗನಿಗೂ ಹೇಳಿಲ್ಲ. ಯಾವ ಮುಖ ಇಟ್ಟುಕೊಂಡು ವಾಪಸ್ ತಗೊಳ್ಳಲಿ ಅಂತ ನನ್ನ ಕೈಗೇ ಮೆಡಲ್ ಕೊಟ್ಟು ಒಳಗೆ ಹೋದರು.

ನಾನು ಅದನ್ನು ತಂದು ಗುಂಡಿಯಲ್ಲಿಟ್ಟೆ. ಮೊನ್ನೆ ಭಾನುವಾರ ಮಧ್ಯಾಹ್ನ ಪುಟ್ಟಣ್ಣ ಬಂದು "ಚಾಮುಂಡಮ್ಮನೋರು ಮೆಡಲ್ ಇಸ್ಕಳಕ್ಕೆ ನಾಳೆ ಬೆಳಿಗ್ಗೆ ನಿಮ್ಮನೇಗೆ ಬತ್ತಾರಂತೆ" ಅಂದರು. ಅರ್ಧ ಗಂಟೆಗೆ ನಿಮ್ಮ ಫೋನು. ಮೃತ್ಯುಂಜಯ ಅವರು ಸಮಾಧಾನ ಮಾಡಿದ್ದಾರೆ, ಉಜ್ಜಿದ್ದರೂ ಪರವಾಗಿಲ್ಲ, ಮೊದಲನೇ ಸಲ ಪೆಟ್ಟಿಗೆ ಪೂರ್ತಿಯಾಗಿದೆ, ಕಳಿಸು ಅಂದಿರಿ. ಎಷ್ಟು ಖುಷಿಯಲ್ಲಿದ್ದಿರಿ! "ಪೂರ್ತಿ" ಅಂತ ಮೂರು ಸಲ ಅಂದಿರಿ. ನಾನು ಆಯ್ತು ಅಂದೆ. ಹೇಳಲು ಬಾಯಿ ತೆರೆದೆ, ಫೋನಿನಲ್ಲಿ ನೀವು ನನ್ನ ಮಾತು ಯಾವತ್ತು ಪೂರ್ತಿ ಕೇಳಿದ್ದೀರಿ ಹೇಳಿ? ಸಂಜೆ ಪೆಟ್ಟಿಗೆ ತೆರೆದಿಟ್ಟುಕೊಂಡು ಬಹಳ ಹೊತ್ತು ಕೂತೆ. ನಿಮ್ಮ ಕೈಬರಹದ ಚೀಟಿಗಳನ್ನೆಲ್ಲ ಓದಿದೆ. ನಿಮಗೆ ಮೋಸ ಮಾಡುತ್ತಿದ್ದೇನೆ ಅಂದುಕೊಂಡೆ. ಸುಳ್ಳು ಹೇಳುವುದಿಲ್ಲ, ಒಂದು ಸಲ ಮೆಡಲನ್ನು ನಿಮಗೇ ಕಳಿಸಿಬಿಡೋಣ ಅಂತಲೂ ಅನ್ನಿಸಿತು.

ಸೋಮವಾರ ಒಂಬತ್ತಕ್ಕೆಲ್ಲ ಅವರು ಬಂದರು, ಬಿಳಿ ಪಂಚೆಯಲ್ಲಿ ಸುತ್ತಿದ ಆ ತಟ್ಟೆಯ ಸಮೇತ. ಬಿಟ್ಟಿ ತಗೊಳ್ಳುವುದಿಲ್ಲವಂತೆ. ಅವತ್ತು ಮೆಡಲ್ ಕೊಟ್ಟು ತಟ್ಟೆ ತಗೊಂಡೆ, ಇವತ್ತು ತಟ್ಟೆ ಕೊಟ್ಟು ಮೆಡಲ್ ತಗೊಳ್ಳುತ್ತೇನೆ ಅಂತ ಪಟ್ಟು ಹಿಡಿದರು. ನಾನು ಬೇಡ ಅಂದಷ್ಟೂ ಹಟ ಮಾಡಿದರು, ನಿಮ್ಮನ್ನೇ ನೋಡಿದ ಹಾಗಾಯಿತು. ಕೊನೆಗೆ ತಗೊಂಡೆ. ತಟ್ಟೆಯ ಹಿಂದೆ ಚುಕ್ಕೆ ಚುಕ್ಕೆಯಾಗಿ ಮರಿಯಯ್ಯ ಅಂತ ಕನ್ನಡದಲ್ಲಿದೆ.

ನಿನ್ನೆ ಕಾರ್ಯಕ್ರಮಕ್ಕೆ ನಾನೂ ಜೊತೆಗೆ ಹೋದೆ. ನಿಮ್ಮ ಬಿಸ್ಕತ್ ಡಬ್ಬಿಯಿಂದ ಸರಿಯಾದ ಬಣ್ಣದ ರಿಬ್ಬನ್ ನಾಲ್ಕು ಬೆರಳಷ್ಟು ಕತ್ತರಿಸಿದ್ದೇನೆ, ಅದನ್ನೂ ಈ ಲೆಕ್ಕಕ್ಕೇ ಸೇರಿಸಿಕೊಳ್ಳಿ. ಅವರ ಸೊಸೆ ಎಡಗಡೆ ಪಿನ್ನು ಚುಚ್ಚಲು ಹೋದಳು. ನಾನು ಕೈ ಹಿಡಿದೆ. ಪದಕ ಪಡೆದವರು ಎಡ ಎದೆಗೆ ಹಾಕಿಕೊಳ್ಳುತ್ತಾರೆ, ಅವರು ಇಲ್ಲದಾಗ ಮನೆಯವರು ಬಲ ಎದೆಗೆ ಅಂತ ಹೇಳಿ ನಾನೇ ಬಲಗಡೆ ಚುಚ್ಚಿದೆ. ಪುಟ್ಟಣ್ಣ "ಭಲೇ, ನಿಮಗೆಂಗೆ ಗೊತ್ತು ಇದೆಲ್ಲ?" ಅಂತ ಬಾಯಿ ಬಿಟ್ಟರು. ಮೂವತ್ತೆಂಟು ವರ್ಷದಿಂದ ಸೊಪ್ಪು ಬಿಡಿಸುತ್ತಾ, ತೂಕಡಿಸುತ್ತಾ ನಿಮ್ಮ ಪಾಠ ಕೇಳಿದ್ದೇನಲ್ಲ. ಡೆನ್ಮಾರ್ಕಿನ ಆನೆ ಪದಕದ ಚಿತ್ರ ತೋರಿಸಿದಾಗ ನಮ್ಮ ದಸರಾ ಆನೆಯೇ ವಾಸಿ ಅಂದಿದ್ದೆ, ರಷ್ಯಾದಲ್ಲಿ ಐದು ಮಕ್ಕಳ ತಾಯಿಗೂ ಮೆಡಲ್ ಕೊಡುತ್ತಿದ್ದರು ಅಂದಾಗ ನಮ್ಮಜ್ಜಿಗೆ ಎರಡು ಬರಬೇಕಿತ್ತು ಅಂದಿದ್ದೆ. ನಾನು ಕೇಳಿಸಿಕೊಳ್ಳುವುದಿಲ್ಲ ಅಂತ ನೀವು ಅಂದುಕೊಂಡಿದ್ದಿರಿ. ಎಲ್ಲ ಕೇಳಿಸಿಕೊಂಡಿದ್ದೇನೆ ಕಣ್ರೀ.

ಸಾಲಿನಲ್ಲಿ ಕೂತಾಗ ಚಾಮುಂಡಮ್ಮ ಸೆರಗನ್ನು ಆ ಕಡೆಗೆ ಬೀಳದ ಹಾಗೆ ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತಿದ್ದರು. ಹೆಸರು ಕೂಗಿದಾಗ ಯಾರ ಕೈಯೂ ಹಿಡಿಯದೆ ಎದ್ದು ನಿಂತರು. ಮಗ ಫೋಟೋ ತೆಗೆದ. ಮನೆಗೆ ಬರುವ ದಾರಿಯಲ್ಲಿ ಆಟೋದಲ್ಲೇ ಮಗನಿಗೆ ಪಾತ್ರೆಯವಳ ವಿಷಯವೆಲ್ಲ ಹೇಳಿಬಿಟ್ಟರು. ಅವನು ಅಮ್ಮನ ಕೈ ಹಿಡಿದುಕೊಂಡು ಕೂತ.

ನಿಮ್ಮ ಪೆಟ್ಟಿಗೆ ಮತ್ತೆ ಅರೆಯಾಯಿತು. ನನಗೆ ಬೇಜಾರಿದೆ, ನಿಮ್ಮ ಸಲುವಾಗಿ ನಿಜವಾಗಿಯೂ ಇದೆ. ಬೈಯುವುದನ್ನೆಲ್ಲ ಅಲ್ಲೇ ಬೈದು ಮುಗಿಸಿ ಬನ್ನಿ. ಇಲ್ಲಿಗೆ ಬಂದ ದಿನ ಆ ತಟ್ಟೆಯಲ್ಲೇ ನಿಮಗೆ ಊಟ ಬಡಿಸುತ್ತೇನೆ. ಹಾಲಿಗೆ ಹೊತ್ತಾಯಿತು, ಕೊರಿಯರ್ ಅಂಗಡಿ ಆರಕ್ಕೆ ಮುಚ್ಚುತ್ತದೆ. ಮೃತ್ಯುಂಜಯ ಅವರಿಗೂ ಸೌಮ್ಯ ಅವರಿಗೂ ನನ್ನ ನಮಸ್ಕಾರ ತಿಳಿಸಿ. ಕಿವಿಗೆ ಮಫ್ಲರ್ ಮರೆಯಬೇಡಿ.

ನಿಮ್ಮ
ನಾಗಮಣಿ

ಮರೆತ ಮಾತು: ಮರೆತಿದ್ದೆ ಅನ್ನುವುದು ಸುಳ್ಳು, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಸೋಮವಾರ ಮೆಡಲ್ ಕೈಗೆ ತಗೊಳ್ಳುವ ಮುಂಚೆ ಚಾಮುಂಡಮ್ಮ "ನಿನ್ ಯಜಮಾನ್ರನ್ನ ಕೇಳ್ದಾ?" ಅಂದರು. ನನ್ನ ಬಾಯಿಂದ "ಅವರೇ ಕಳಿಸಿದ್ದು" ಅಂತ ಬಂದುಬಿಟ್ಟಿತು. ತಟ್ಟೆ ಮುಂದಿಟ್ಟು ಚಾಮುಂಡಮ್ಮ ತಮ್ಮ ಅತ್ತೆಗೆ ಹೇಳಿದಂಥ ಮಾತೇ. ಪೂರಾ ಸುಳ್ಳೂ ಅಲ್ಲ, ಪಾಪ ಯಾರ ಮನೆಯದೋ ಅಂದವರು ನೀವೇ ತಾನೇ. ಇಪ್ಪತ್ತೆಂಟನೇ ತಾರೀಕು ಭಾನುವಾರ ಅವರು ಮಗನ ಜೊತೆ ನಿಮ್ಮನ್ನು ನೋಡಲು ಬರುತ್ತಿದ್ದಾರೆ, ಮೆಡಲ್ ಹಾಕಿಕೊಂಡೇ ಬರುತ್ತಾರಂತೆ. ಅವರದು ಮೆತ್ತಗಿನ ದನಿ, ನಿಮ್ಮ ಚೆನ್ನಾಗಿ ಕೇಳಿಸುವ ಕಿವಿಯ ಕಡೆಗೇ ಕೂರಿಸುತ್ತೇನೆ. ನೀವೇ ಕಳಿಸಿದ್ದಾ ಅಂತ ಕೇಳುತ್ತಾರೆ. ಹೌದು ಅನ್ನಿ.