ಪಟ್ಟಿ ಬೂಟಿನೊಳಗಿನ ಬಣ್ಣದ ಕಾಲುಚೀಲ

ಶಿರೂರು
ಗುರುವಾರ, ೨೦ ನವೆಂಬರ್ ೨೦೨೫

ನನ್ನವ್ವಾ ಸುರೇಖಾ,

ಈ ಗಂಟಿನಲ್ಲಿ ನಿನ್ನ ಅವ್ವ ಮೂರು ಜೋಡಿ ಕಾಲುಚೀಲ, ಹತ್ತು ಶೇಂಗಾ ಹೋಳಿಗೆ ಮತ್ತು ಒಂದು ಮಣ ಚಿಂತೆ ಕಟ್ಟಿ ಕಳಿಸಿದ್ದಾಳೆ. ಚಿಂತೆಯನ್ನು ಮೊದಲು ಬಿಚ್ಚುತ್ತೇನೆ, ಅದು ಹಗುರಾದರೆ ಉಳಿದದ್ದು ಸಲೀಸು.

ನಿನ್ನೆ ಬೆಳಗಿನ ಜಾವ ಕನಸು ಬಿತ್ತು. ನಿನ್ನ ಕೂಸು ಭಾಗ್ಯಾಳ ಕಾಲುಚೀಲ ಎರಡೂ ತಾವೇ ಎದ್ದು, ನಿಮ್ಮ ಬದಾಮಿಯ ಕಡೆಗೆ ಕೆರೂರ ರಸ್ತೆ ಹಿಡಿದು ನಡೆದಿವೆ. ಒಳಗೆ ಕೂಸಿಲ್ಲ. ನಾನು ಹೆಣೆಯುವ ಕಡ್ಡಿ ಹಿಡಿದುಕೊಂಡು ಹಿಂದೆ ಓಡುತ್ತೇನೆ, ಅವು ಬಸ್ಸು ಹತ್ತಿಬಿಟ್ಟವು. ಕಂಡಕ್ಟರ್ ಹೊರಗೆ ತಲೆ ಹಾಕಿ, ‘ಅಜ್ಜೀ, ಬರೇ ಸಾಕ್ಸ ಬಂದಾವ, ಕೂಸೆಲ್ಲಿ?’ ಅಂದ. ಮೈಯೆಲ್ಲ ಬೆವೆತು ಎದ್ದು ಕೂತೆ. ಕೆಟ್ಟ ಕನಸನ್ನು ಮನುಷ್ಯರಿಗಿಂತ ಮೊದಲು ಮೂಕ ಪ್ರಾಣಿಗೆ ಹೇಳಬೇಕು ಅಂತ ನಮ್ಮ ಅತ್ತೆ ಹೇಳುತ್ತಿದ್ದಳಲ್ಲ, ಹಾಗೇ ಕುರಿ ದಡ್ಡಿಗೆ ಹೋಗಿ ಮುದಿ ಕುರಿಯ ಕಿವಿಯಲ್ಲಿ ಹೇಳಿದೆ. ಅದು ಮುಖ ತಿರುಗಿಸಿತು. ಆಮೇಲೆ ನಿಮ್ಮಪ್ಪನಿಗೆ ಹೇಳಿದರೆ, ‘ಕುರಿಗಿ ಇರೋ ಶಾಣ್ಯಾತನಾನೂ ನಿನಗಿಲ್ಲ. ಅದು ನೋಡ, ಕೇಳಿ ಬಿಟ್ಟಬಿಡ್ತು’ ಅಂದರು.

ಐದು ಮುಗಿಸಿ ಆರನೆಯ ತರಗತಿಗೆ ಎರಡೇ ತಿಂಗಳು ಹೋದವಳು ನಾನು. ಅಕ್ಷರ ಎಲ್ಲಿಯಾದರೂ ಜಾರಿದ್ದರೆ ನೀನೇ ಹಿಡಿದು ಎಬ್ಬಿಸಿಕೊಂಡು ಓದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ಬೀಗತಿ ಪಕ್ಕದಲ್ಲೇ ಕಾಳು ಆರಿಸುತ್ತಾ ಕೂತಿರುತ್ತಾರೆ. ಮೇಲಾಗಿ ಫೋನಿನಲ್ಲಿ ನಾನು ಮಾತಾಡುವುದಕ್ಕಿಂತ ಮೂಗು ಒರೆಸುವುದೇ ಹೆಚ್ಚು ಅಂತ ನೀನೇ ನಗುತ್ತೀ.

ಸೋಮವಾರ ಬಾಗಲಕೋಟೆಯ ದವಾಖಾನೆಗೆ ಮತ್ತೆ ಹೋಗಬೇಕಲ್ಲ, ನನ್ನ ಜೀವವೆಲ್ಲ ಅಲ್ಲೇ ಸಿಕ್ಕಿಕೊಂಡಿದೆ. ಹುಟ್ಟುವಾಗ ಒಳಕ್ಕೆ ಮಡಚಿದ್ದ ಕೂಸಿನ ಬಲಪಾದ ಆರು ಸಲ ಪ್ಲಾಸ್ಟರ್ ಹಾಕಿಸಿಕೊಂಡು ನೆಟ್ಟಗಾಗಿತ್ತು. ಎರಡು ಬೂಟಿನ ನಡುವೆ ಕಬ್ಬಿಣದ ಪಟ್ಟಿ ಇರುವ ಆ ಬೂಟನ್ನು ಮಲಗುವಾಗೆಲ್ಲ ಹಾಕುತ್ತಾ ಬಂದರೆ ಸಾಕು ಅಂದಿದ್ದರು. ಈಗ ನೋಡಿದರೆ ಪಾದ ಮತ್ತೆ ಒಳಗೆ ಹೊರಳುತ್ತಿದೆ, ‘ಬೂಟ ತಪ್ಪದ ಹಾಕಿದ್ರೂ ಹಿಂಗಾಗಿದ್ರ ಆಪರೇಶನ್ ವಿಚಾರ ಮಾಡಬೇಕಾಗ್ತದ, ಎರಡ ವಾರ ನೋಡೂಣು’ ಅಂತ ಡಾಕ್ಟರ್ ಹೇಳಿದ್ದನ್ನು ನೀನು ಹೇಳಿದ ದಿನದಿಂದ ನನಗೆ ರೊಟ್ಟಿ ಸೇರುತ್ತಿಲ್ಲ. ನೀನು ಅವರ ಮುಂದೆ ಬೀರಪ್ಪನ ಆಣೆ ಮಾಡಿ, ಒಂದು ರಾತ್ರಿಯೂ ತಪ್ಪಿಸಿಲ್ಲ ಅಂದಿ. ಹೊರಗೆ ಬಂದಮೇಲೆ ಬೀಗತಿ, ‘ತಾಯಿಗೆ ಕಾಳಜಿ ಇದ್ರ ಹಿಂಗ್ಯಾಕ ಆಗ್ತಿತ್ತು’ ಅಂದರಂತೆ. ‘ಯವ್ವಾ, ನಾ ಎಲ್ಲಿ ತಪ್ಪೀನಿ ಹೇಳ’ ಅಂತ ನೀನು ಫೋನಿನಲ್ಲಿ ಅತ್ತಿ. ನಾನು ‘ಎಲ್ಲಾ ದೇವರ ಕೈಯಾಗ ಅದ’ ಅಂದುಬಿಟ್ಟೆ. ಎಂಥ ಮಾತು.

ಇರಲಿ. ಒಂದು ಕೆಲಸವಂತೂ ದೇವರ ಕೈಯಲ್ಲಿರಲಿಲ್ಲ, ನನ್ನ ಕೈಯಲ್ಲಿತ್ತು! ಬೂಟು ಉಜ್ಜಿ ಬೆರಳ ಮೇಲೆ ಬೊಕ್ಕೆ ಎದ್ದಿವೆ, ದಪ್ಪನೆಯ ಹತ್ತಿಯ ಕಾಲುಚೀಲ ಬೇಕು, ತುದಿಯಲ್ಲಿ ಹೊಲಿಗೆ ಇರಬಾರದು ಅಂತ ಡಾಕ್ಟರ್ ಹೇಳಿದ್ದರಲ್ಲ. ಅಂಗಡಿಯವಕ್ಕೆಲ್ಲ ಬೆರಳ ಹತ್ತಿರವೇ ಹೊಲಿಗೆ. ಜೊತೆಗೆ ಬಲಪಾದ ಒಂದು ಬೆರಳಿನಷ್ಟು ಸಣ್ಣದು, ಎಡಕ್ಕೆ ಸರಿಯಾದದ್ದು ಬಲಕ್ಕೆ ಮುದುಡಿ ಗಂಟಾಗುತ್ತದೆ. ನೀನು ಕಾಗದದ ಮೇಲೆ ಕೂಸನ್ನು ನಿಲ್ಲಿಸಿ ಪೆನ್ಸಿಲ್ ಸುತ್ತಿ ಕಳಿಸಿದ ಗುರುತನ್ನು ಬೀರಪ್ಪನ ಫೋಟೋದ ಕೆಳಗೆ ಅಂಟಿಸಿದೆ. ಮರುದಿನವೇ ಕೆರೂರಿಗೆ ಹೊರಟೆ. ಅಲ್ಲಿ ಅಂಗನವಾಡಿಯಲ್ಲಿದ್ದು ನಿವೃತ್ತಿಯಾದ ನೀಲಾಬಾಯಿ ಟೀಚರ್ ಗೊತ್ತಲ್ಲ, ಅವರಿಗೆ ನಾಲ್ಕು ಕಡ್ಡಿಯ ಮೇಲೆ ಕುಣಿಕೆ ಏರಿಸಿ ಐದನೆಯದರಿಂದ ಕೊಳವೆಯ ಹಾಗೆ ಹೆಣೆಯುವುದು ಬರುತ್ತದೆ, ಹಾಗೆ ಹೆಣೆದರೆ ಹೊಲಿಗೆಯೇ ಬೇಡ.

ಕಡ್ಡಿ ಯಾವುದರದು ಗೊತ್ತೇನು? ಸೈಕಲ್ಲಿನ ಸ್ಪೋಕು! ಅವರ ಕಡ್ಡಿಗಳೂ ಅವೇ. ವಾಪಸು ಬಂದವಳೇ ನಮ್ಮೂರ ಸೈಕಲ್ ಅಂಗಡಿಯ ಸುಭಾನಸಾಬನ ಮುಂದೆ ನಿಂತು ಐದು ಸ್ಪೋಕು ಕೊಡು ಅಂದೆ.

‘ರಂಗವ್ವಕ್ಕಾ, ಸೈಕಲ್ ಯಾವಾಗ ತಗೊಂಡಿ?’ ಅಂದ.

ಮೊಮ್ಮಗಳಿಗೆ ಸಾಕ್ಸ ಹೆಣೆಯುತ್ತೇನೆ ಅಂದರೆ ಅಂಗಡಿಯಲ್ಲಿ ಕೂತವರೆಲ್ಲ ನಕ್ಕರು. ಸುಭಾನಸಾಬ ಮಾತ್ರ ನಗಲಿಲ್ಲ. ಎರಡೂ ತುದಿ ಕತ್ತರಿಸಿ, ಸಾಣೆಗೆ ಹಿಡಿದು ದುಂಡಗೆ ಮಾಡಿ, ಒಂದೊಂದನ್ನೂ ತನ್ನ ಕೆನ್ನೆಯ ಮೇಲೆ ಎಳೆದು ನೋಡಿ ಕೊಟ್ಟ. ‘ಸ್ಪೋಕಿನ ಸಾಕ್ಸ ಹಾಕ್ಕೊಂಡ ಹುಡುಗಿ ಪೈಡಲ್ ಇಲ್ದನ ಓಡತಾಳ ನೋಡಕ್ಕಾ’ ಅಂದ. ಆ ಮಾತಿಗೆ ನನ್ನ ಕಣ್ಣು ತುಂಬಿತು. ಅವನು ಗಾಬರಿಯಾಗಿ ಚಹಾ ತರಿಸಿದ.

ಇನ್ನು ನೂಲಿನ ಕಥೆ. ನಿನ್ನ ಜೊತೆ ಸಾಲಿಗೆ ಬರುತ್ತಿದ್ದ ಅಫ್ಸಾನಾ ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವವರ ಮನೆಗೆ ಸೊಸೆಯಾಗಿ ಹೋಗಿದ್ದಾಳಲ್ಲ, ಅವಳಿಗೆ ಫೋನು ಮಾಡಿದೆ. ಸೀರೆಗೆ ಹೋಗಿ ಉಳಿದ ಹತ್ತಿ ನೂಲಿನ ಲಡಿಗಳನ್ನು ಬಸ್ಸಿಗೆ ಹಾಕಿ ಕಳಿಸಿದಳು. ಬಿಚ್ಚಿದೆ ನೋಡು, ದಾಳಿಂಬೆ ಕೆಂಪು, ಅರಿಷಿಣ, ಗಿಣಿ ಹಸಿರು, ನವಿಲಿನ ಕತ್ತಿನ ನೀಲಿ! ಹುಟ್ಟಿದಾಗಿನಿಂದ ಕಂಬಳಿಯ ಕರಿ ನೂಲು, ಬೂದು ನೂಲು ಬಿಟ್ಟು ಬೇರೆ ಬಣ್ಣ ನನ್ನ ಕದಿರಿನ ಮೇಲೆ ಏರಿಯೇ ಇರಲಿಲ್ಲ. ಸೀರೆಯ ನೂಲು ಕೂದಲಿನಷ್ಟು ಸಣ್ಣ, ಎಂಟೆಂಟು ಎಳೆ ಕೂಡಿಸಿ ಕದಿರಿನಲ್ಲಿ ಹುರಿ ಹಾಕಿದೆ. ಕೆಂಪು ತಿರುಗುವಾಗ ನನಗೇ ತಲೆ ತಿರುಗಿದ ಹಾಗಾಯಿತು, ಅಷ್ಟು ಖುಷಿ. ಬಣ್ಣ ಬಿಟ್ಟು ಕೂಸಿನ ಬೊಕ್ಕೆಗೆ ತಾಗಿದರೆ ಏನು ಗತಿ ಅಂತ ಅಫ್ಸಾನಾಳಿಗೆ ಮೂರು ಸಲ ಫೋನು ಮಾಡಿ ಕೇಳಿದೆ. ಮೂರನೆಯ ಸಲ, ‘ಕಾಕೀ, ಬಣ್ಣ ಬಿಟ್ರ ನನ್ನ ಹೆಸರು ಬ್ಯಾರೆ ಇಡ್ರಿ, ಈಗ ಫೋನ್ ಇಡ್ರಿ’ ಅಂದಳು. ಆದರೂ ಒಂದು ದಿನ ಉಪ್ಪುನೀರಲ್ಲಿ ನೆನೆ ಹಾಕಿ ನೋಡಿದೆ. ಅವಳ ಹೆಸರು ಉಳಿಯಿತು.

ಮೊದಲ ಜೋಡಿ ಏನಾಯಿತು ಅಂತ ಯಾರಿಗೂ ಹೇಳಬೇಡ. ನಾವು ಕಂಬಳಿಯ ಮಂದಿ. ಉಣ್ಣೆ ಬಿಸಿನೀರು ಕಂಡರೆ ಕುಗ್ಗುತ್ತದೆ ಅಂತ ಕೈ ತಾನಾಗಿಯೇ ಹೆಚ್ಚು ಬಿಟ್ಟು ನೇಯುತ್ತದೆ. ಹಾಗೇ ನಿನ್ನ ಪೆನ್ಸಿಲ್ ಗುರುತಿಗಿಂತ ಮೂರು ಬೆರಳು ಹೆಚ್ಚು ಬಿಟ್ಟು ಹೆಣೆದು, ಬಿಸಿನೀರಲ್ಲಿ ಹಾಕಿ, ಕಲ್ಲಿನ ಮೇಲೆ ಚೆನ್ನಾಗಿ ತಿಕ್ಕಿ ಒಣಗಿಸಿದೆ. ಇವತ್ತು ಕುಗ್ಗುತ್ತದೆ, ನಾಳೆ ಕುಗ್ಗುತ್ತದೆ ಅಂತ ಕಾದೆ. ಹತ್ತಿ ಅದು, ಕುಗ್ಗಬೇಕಲ್ಲ! ನಿಮ್ಮಪ್ಪ ತಮ್ಮ ಎರಡೂ ಮುಷ್ಟಿಯನ್ನು ಒಂದೇ ಚೀಲದೊಳಗೆ ತೂರಿಸಿ, ‘ಏ ಇವಳ, ಇದರಾಗ ಭಾಗ್ಯಾನ್ನ ಕೂಡ್ರಿಸಿ ಬದಾಮಿಗಿ ಕಳಸ್ತಿಯೇನ?’ ಅಂದರು. ಆಮೇಲೆ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ನಾನು ಎರಡನ್ನೂ ಬಿಚ್ಚಿ ಉಂಡೆ ಮಾಡಿ ಮತ್ತೆ ಶುರು ಮಾಡಿದೆ.

ಎರಡನೆಯ ಸಲ ಹಿಮ್ಮಡಿ ತಿರುಗಿಸುವುದು ಬಂತು ನೋಡವ್ವಾ! ನೀಲಾಬಾಯಿ ಟೀಚರ್ ಹೇಳಿಕೊಟ್ಟಾಗ ಏನೂ ತಿಳಿದಿರಲಿಲ್ಲ. ಕಟ್ಟೆಯ ಮೇಲೆ ಒಬ್ಬಳೇ ಕೂತು, ಅರ್ಧ ಕುಣಿಕೆ ಬಿಟ್ಟು ಉಳಿದರ್ಧ ಹಿಂದೆ ಮುಂದೆ ಹೆಣೆಯುತ್ತಾ ಹೋದೆ. ನೆಟ್ಟಗಿದ್ದ ಕೊಳವೆ ಕಣ್ಣೆದುರಿಗೇ ಬಾಗಿ ಹಿಮ್ಮಡಿಯಾಯಿತು. ಕೂಸೇ ಬಂದು ನನ್ನ ಅಂಗೈಯಲ್ಲಿ ಕಾಲಿಟ್ಟ ಹಾಗೆ ಆಯಿತು. ಕೂಗಿಬಿಟ್ಟೆ. ನಿಮ್ಮಪ್ಪ ಹಾವು ಬಂತೆಂದು ಬಡಿಗೆ ಹಿಡಿದು ಓಡಿ ಬಂದರು.

ಭಾನುವಾರ ಅಳಿಯ ಮಾಳಿಂಗರಾಯ ಟಂಟಂ ಆಟೋ ಬಾಡಿಗೆ ಹೊಡೆದುಕೊಂಡು ಶಿರೂರಿಗೆ ಬಂದವರು ಭಾಗ್ಯಾಳನ್ನೂ ಕರೆತಂದಿದ್ದರಲ್ಲ, ಅವತ್ತಿನ ಸುದ್ದಿ ಅವರು ನಿನಗೆ ಅರ್ಧವೇ ಹೇಳಿರುತ್ತಾರೆ, ಅರ್ಧ ಹೊತ್ತು ಅವರು ನಿಮ್ಮಪ್ಪನ ಜೊತೆ ಹೊರಗಿದ್ದರು. ನಾನು ಕಾಲುಚೀಲ ತೋರಿಸಿದ್ದೇ ತಡ, ಕೂಸು ಕಸಿದುಕೊಂಡು ಮೊದಲು ಕೈಗೆ ಹಾಕಿಕೊಂಡಿತು, ಆಮೇಲೆ ಕಿವಿಗೆ. ಬಲಗಾಲಿನದಕ್ಕೆ ತುದಿಯಲ್ಲಿ ಹಸಿರು ಇಟ್ಟಿದ್ದೇನೆ, ಎಡಗಾಲಿನದಕ್ಕೆ ಕೆಂಪು, ಅದಲುಬದಲು ಆಗದಿರಲಿ ಅಂತ. ಹಸಿರು ಕಂಡು ‘ಗಿಣಿ, ಗಿಣಿ’ ಅಂತ ಕಾಲು ಮೇಲೆತ್ತಿ ಕುಣಿಸಿದಳು. ಸುಕ್ಕಿಲ್ಲ, ಗಂಟಿಲ್ಲ, ಬೆರಳಿಗೆ ಅಂಟಿ ಕೂತಿತ್ತು. ಮಧ್ಯಾಹ್ನ ಮಲಗುವ ಹೊತ್ತಿಗೆ ಪಟ್ಟಿ ಬೂಟು ಹಾಕಿದೆ. ಬಕಲ್ ಬಿಗಿದಾಗ ಅವಳು ಅಳಲಿಲ್ಲ ಸುರೇಖಾ! ಸುಮ್ಮನೆ ನನ್ನ ಮುಖ ನೋಡಿದಳು. ನೋಡುತ್ತಾ ನೋಡುತ್ತಾ ಬಕಲ್ಲಿನ ಕಡೆ ಬೆರಳು ಮಾಡಿ, ‘ಅಜ್ಜಿ ತಗೀ’ ಅಂದಳು. ನಾನು ಗಿಣಿಯ ಹಾಡು ಹೇಳಿದೆ. ಎರಡನೆಯ ಸಲ ಜೋರಾಗಿ ಅಂದಳು. ನಾನು ಇನ್ನೂ ಜೋರಾಗಿ ಹಾಡಿದೆ, ಕೈ ಮಾತ್ರ ಸೆರಗಿನಲ್ಲಿ ಸುತ್ತಿಕೊಂಡೇ ಇದ್ದೆ. ಒಂದು ತಾಸು ಮಲಗಿದಳು. ಎದ್ದಾಗ ಬಿಚ್ಚಿ ನೋಡಿದೆ, ಹೊಸದೊಂದು ಬೊಕ್ಕೆ ಇಲ್ಲ, ಒಂದು ಕೆಂಪು ಗೆರೆ ಕೂಡ ಇಲ್ಲ!

ಅವತ್ತಿನಿಂದ ನನ್ನ ಕೈ ನಿಂತಿಲ್ಲ. ಅವತ್ತು ಕೂಸಿನ ಜೊತೆ ಕಳಿಸಿದ್ದೂ ಈ ಮೂರು ಜೋಡಿಯೂ ಸೇರಿ ನಾಲ್ಕಾದವು. ಒಂದು ಕಾಲಲ್ಲಿ, ಒಂದು ಒಗೆದು ಹಗ್ಗದ ಮೇಲೆ, ಎರಡು ಪೆಟ್ಟಿಗೆಯಲ್ಲಿ. ನೀಲಿ ಪಟ್ಟೆಯ ಜೋಡಿಯಲ್ಲಿ ಎಡಗಾಲಿನದು ತುಸು ಬಿಗಿ ಅನ್ನಿಸಿದರೆ ಹಾಕಬೇಡ, ಎರಡು ದಿನದಲ್ಲಿ ಬೇರೆ ಮಾಡಿ ಕಳಿಸುತ್ತೇನೆ. ನಿನ್ನ ಜ್ವರ ಮತ್ತೆ ಮರುಕಳಿಸಿಲ್ಲ ತಾನೆ? ಟೈಫಾಯ್ಡ್ ಮೈ ಅದು, ಗಂಜಿ ಬಿಟ್ಟು ಒಮ್ಮೆಲೇ ರೊಟ್ಟಿಗೆ ಹೋಗಬೇಡ. ಹೋಳಿಗೆ ಬೀಗತಿಗೆ ಕೊಡು, ನೀನು ಒಂದೇ ತಿನ್ನು.

ನಾಳೆ ಮುಂಜಾನೆಯ ಬಸ್ಸಿಗೆ ನಿಮ್ಮಪ್ಪನೇ ಗಂಟು ತರುತ್ತಾರೆ. ಅವರು ಕೂತಿರುವಾಗ ಈ ಕಾಗದ ಓದಬೇಡ. ಅವರು ಹೋದ ಮೇಲೆ, ಒಬ್ಬಳೇ ಇದ್ದಾಗ ಓದು.

ಕೂಸಿನ ಎರಡೂ ಪಾದಕ್ಕೆ ಮುತ್ತು ಕೊಟ್ಟು, ಬಲಕ್ಕೆ ಒಂದು ಹೆಚ್ಚು ಕೊಟ್ಟು,

ನಿನ್ನ ಅವ್ವ
ರಂಗವ್ವ

ಮರೆತು ಉಳಿದ ಮಾತಲ್ಲ ಇದು, ಮೇಲೆ ಬರೆಯಲು ಕೈ ಬಾರದೆ ಉಳಿದದ್ದು. ನೀನು ಜ್ವರದಲ್ಲಿ ದವಾಖಾನೆಯಲ್ಲಿದ್ದಾಗ ದೀಪಾವಳಿಯ ಪಾಡ್ಯಕ್ಕೆ ಕೂಸನ್ನು ನನ್ನ ಹತ್ತಿರ ಬಿಟ್ಟಿರಿ. ಮೊದಲ ರಾತ್ರಿ ಬೂಟು ಹಾಕಿದೆ. ‘ಅವ್ವಾ’ ಅಂತ ನಿನ್ನನ್ನು ಕರೆದು ಕರೆದು ಅವಳ ದನಿ ಬಿದ್ದುಹೋಯಿತು. ನನ್ನಿಂದ ಆಗಲಿಲ್ಲ, ಬಿಚ್ಚಿಬಿಟ್ಟೆ. ಮರುದಿನವೂ ಬಿಚ್ಚಿದೆ. ಆಮೇಲೆ ಹಾಕುವುದನ್ನೇ ಬಿಟ್ಟೆ. ಬೆಳಗ್ಗೆ ನಿನ್ನ ವಿಡಿಯೋ ಕಾಲ್ ಬರುವ ಮೊದಲು ಮಾತ್ರ ಹಾಕಿ ತೋರಿಸುತ್ತಿದ್ದೆ. ನೀನು ಹಾಸಿಗೆಯಿಂದಲೇ ‘ಶಾಣ್ಯಾಳ ನಮ್ಮವ್ವ’ ಅನ್ನುತ್ತಿದ್ದಿ. ಡಾಕ್ಟರೇ ಬೇಡ ಅಂದಿದ್ದಾರೆ ಅಂತ ನಿಮ್ಮಪ್ಪನಿಗೂ ಸುಳ್ಳು ಹೇಳಿದ್ದೆ. ಅತ್ತರೆ ಬೂಟು ಬಿಚ್ಚುತ್ತಾರೆ ಅಂತ ಅವಳಿಗೆ ಕಲಿಸಿದವಳು ನಾನು. ಈಗ ಅವಳು ನಿನ್ನ ಹತ್ತಿರ ಬೂಟು ಒದೆಯುವುದು ಅದಕ್ಕೇ. ನೀನು ಎಲ್ಲಿಯೂ ತಪ್ಪಿಲ್ಲ. ಇದನ್ನು ಬೀಗತಿಗೆ ನನ್ನ ಹೆಸರು ಹಿಡಿದೇ ಹೇಳು. ನನ್ನ ಹತ್ತಿರ ಇನ್ನು ಕೂಸನ್ನು ಬಿಡಬಾರದು ಅನ್ನಿಸಿದರೆ ಬಿಡಬೇಡ, ಕಾಲುಚೀಲ ಮಾತ್ರ ಬಿಡದೆ ಹಾಕು. ಆಪರೇಶನ್ ಮಾತು ಎತ್ತುವ ಮೊದಲೇ ಡಾಕ್ಟರಿಗೆ ಎಲ್ಲಾ ಹೇಳು, ಬೂಟಿಲ್ಲದೆ ಎಷ್ಟು ರಾತ್ರಿ ಅಂತ ಕೇಳಿದರೆ ಒಂದೂ ಮುಚ್ಚಿಡಬೇಡ. ನನ್ನ ಎಣಿಕೆಯಲ್ಲಿ ಹನ್ನೊಂದು. ಆದರೆ ಅಳಿಯ ಕೂಸನ್ನು ತಂದುಬಿಟ್ಟದ್ದು ಪಾಡ್ಯದ ದಿನವೋ ಮರುದಿನವೋ ಅಂತ ಬೆಳಗಿನಿಂದ ಅನುಮಾನ ಹತ್ತಿದೆ. ಮರುದಿನವಾದರೆ ಹತ್ತೇ ಆಗುತ್ತದೆ. ಸೋಮವಾರದೊಳಗೆ ಕ್ಯಾಲೆಂಡರ್ ತೆಗೆದು ಇನ್ನೊಮ್ಮೆ ಎಣಿಸಿ ನೋಡವ್ವಾ.