ಕಂಬ ಹತ್ತುವ ಮುಂಚಿನ ಫೋನು

ಅಪ್ಪಾ,

ನೀನು ಕರೆಂಟಿನ ಕಂಬದ ಮೇಲೆ ಸತ್ತಿದ್ದಕ್ಕೆ ಅನುಕಂಪದ ಆಧಾರದ ಮೇಲೆ ನನಗೆ ಸಿಕ್ಕಿದ ಕೆಲಸಕ್ಕೆ ಇವತ್ತು ರಾಜೀನಾಮೆ ಕೊಟ್ಟೆ. ಅವ್ವನಿಗೆ ಇನ್ನೂ ಹೇಳಿಲ್ಲ. ಕಾರಣ ‘ವೈಯಕ್ತಿಕ’ ಎಂದು ಬರೆದೆ.

ನಾಲ್ಕು ವರ್ಷದಿಂದ ಆಫೀಸಿನ ಫೋನಿನ ಮುಂದೆ ಕೂತು, ಲೈನ್ ಆಫ್ ಮಾಡಿಸಿ, ಲೈನ್‌ಮನ್‌ಗಳಿಗೆ “ಈಗ ಹತ್ತಿ” ಎನ್ನುವುದೇ ನನ್ನ ಕೆಲಸ. ಅವರು ಕೆಳಗಿಳಿದೆವು ಅನ್ನುವವರೆಗೆ ನಾನು ನೀರಿನ ಲೋಟವನ್ನೂ ಮುಟ್ಟುವುದಿಲ್ಲ. ಇನ್ನು ನನ್ನಿಂದಾಗದು.

ಸೂಪರಿಂಟೆಂಡೆಂಟ್ ಚನ್ನಪ್ಪನವರು ನನ್ನ ಫೈಲು ತೆರೆದರು. ಮೊದಲ ಹಾಳೆಯೇ ನಿನ್ನ ಮರಣ ಪ್ರಮಾಣಪತ್ರ.

“ನಿಮ್ಮಪ್ಪನ ಜೀವ ಓಗಿ ಬಂದ ಕೆಲ್ಸ ಕಣವ್ವಾ ಇದು. ಇಂಗೆ ಬಿಟ್ಬುಡ್ತೀಯಾ?”

“ತಿಂಗಳ ಕೊನೆಗಂಟ ಬತ್ತೀನಿ ಸಾ. ಸೀಲ್ ಹಾಕ್ಕೊಡಿ,” ಅಂದೆ.

ಅವರ ಕೋಣೆಯಿಂದ ಹೊರಬರುವಾಗ ಫೋನು ಬಡಿದುಕೊಳ್ಳುತ್ತಿತ್ತು. ಯಾರೂ ಎತ್ತಲಿಲ್ಲ. ಓಡಿಹೋಗಿ ಎತ್ತಿದೆ. ಅರಕಲಗೂಡು ರಸ್ತೆಯ ಕಂಬದ ಬುಡದಿಂದ ನಿನ್ನ ಜೊತೆಗಾರ ಭೀಮಣ್ಣ.

“ಹತ್ಲೇನವ್ವಾ?”

“ಬ್ಯಾಡ ಕಣಣ್ಣಾ, ಲೈನ್ ಇನ್ನೂ ಆಫ್ ಆಗಿಲ್ಲ. ನಾನು ಹೇಳೋಗಂಟ ಕಂಬ ಮುಟ್ಬ್ಯಾಡ.”

ಲೈನ್ ಆಫ್ ಮಾಡಿಸಿ ಹತ್ತಲು ಹೇಳಿದೆ. ಕೆಲಸ ಮುಗಿಸಿ ಅವನು ಇಳಿದೆ ಅಂದಮೇಲೂ ರಿಸೀವರ್ ಕೈಯಿಂದ ಬಿಡಲಾಗಲಿಲ್ಲ. ಮುಂದಿನ ತಿಂಗಳು ಇದನ್ನು ಯಾರು ಎತ್ತುತ್ತಾರೋ.

ಅವತ್ತು ಹತ್ತುವ ಮುಂಚೆ ನೀನೂ ಮೂರು ಸಲ ಫೋನು ಮಾಡಿದ್ದೆಯಂತೆ, ಅಪ್ಪಾ. ಯಾರೂ ಎತ್ತಲಿಲ್ಲವಂತೆ.